ತಂದೆ ಓದಲಾರದ ಪುಸ್ತಕ

ಮಣಲಿಯ ತೈಲ ಶುದ್ಧೀಕರಣ ಕಾರ್ಖಾನೆಯು 1969ರಲ್ಲಿ ಕೆಲಸ ಆರಂಭಿಸಿತು. ಅದರ ಬೆನ್ನಿಗೇ ಗೊಬ್ಬರದ ಕಾರ್ಖಾನೆಯೂ ಬಂದಿತು. ಕಾರ್ಖಾನೆ ಬಂದಲ್ಲಿಗೆ ಕಾಫಿ ಬೇಕು, ಇಡ್ಲಿ ಬೇಕು, ಲೆಕ್ಕ ಬರೆಯುವವರೂ ಬೇಕು. ಆದುದರಿಂದ ಉತ್ತರ ಚೆನ್ನೈಯ ಈ ಮೂಲೆಯಲ್ಲಿಯೂ, ಲಾರಿಗಳ ಸದ್ದಿನ ನಡುವೆ, ಕುಂದಾಪುರದ ಕಡೆಯ ಮಾತು ಒಮ್ಮೊಮ್ಮೆ ಕಿವಿಗೆ ಬೀಳುವುದುಂಟು.

ಮೊನ್ನೆ ಅಂತಹ ಒಂದು ಮನೆಗೆ ಹೋಗಿದ್ದೆವು. ಮನೆಯೆಂದರೆ ಒಂದು ಕೋಣೆ, ಅದರ ಮೂಲೆಯಲ್ಲಿ ಅಡಿಗೆ. ಯಜಮಾನರು ಹೋಟೆಲಿನಲ್ಲಿ ಸಪ್ಲೈಯರ್. ಬೆಳಗಿನ ನಾಲ್ಕಕ್ಕೆ ಹೊರಟವರು ರಾತ್ರಿ ಹತ್ತಕ್ಕೆ ಮರಳುವವರು. ಅಂದು ಅವರ ವಾರದ ರಜೆ. ನಾಲ್ಕನೆಯ ತರಗತಿಯಲ್ಲಿ ಓದುವ ಮಗಳು ತಮಿಳು ನೋಟ್‌ಪುಸ್ತಕವನ್ನು ಅವರ ಮುಂದೆ ಹಿಡಿದು, “ಅಪ್ಪಯ್ಯ, ಇದ್ ಸರಿ ಇತ್ತಾ ಕಾಣಿ” ಎಂದಳು. ಅವರು ಹಾಳೆಯನ್ನೊಮ್ಮೆ ನೋಡಿ, ನಮ್ಮ ಮುಖವನ್ನು ನೋಡಿದರು. ಇಪ್ಪತ್ತು ವರ್ಷ ತಮಿಳು ಮಾತನಾಡಿದವರು, ಆದರೆ ಬಸ್ಸಿನ ಬೋರ್ಡಿಗಿಂತ ಹೆಚ್ಚಿನದನ್ನು ಓದಲಾರರು. ಆ ಸಂಕೋಚ ನಮ್ಮ ವಾಚಕ ಬಂಧುಗಳಲ್ಲಿ ಹಲವರಿಗೆ ಪರಿಚಯದ್ದೇ.

2006ರ ತಮಿಳು ಕಲಿಕೆ ಕಾಯಿದೆಯಂತೆ 2006–07ರಲ್ಲಿ ಒಂದನೆಯ ತರಗತಿಗೆ ತಮಿಳು ಕಡ್ಡಾಯವಾಗಿ, ವರ್ಷಕ್ಕೊಂದು ತರಗತಿಯಂತೆ ಮೇಲೇರಿತು. ಅನ್ನ ಕೊಟ್ಟ ನೆಲದ ಭಾಷೆಯನ್ನು ಮಕ್ಕಳು ಕಲಿಯುವುದು ಒಳ್ಳೆಯದೇ, ಅದರಲ್ಲಿ ನಮಗೆ ತಕರಾರಿಲ್ಲ. ತೊಡಕಿರುವುದು ಸಂಜೆಯಲ್ಲಿ. ಹೋಮ್‌ವರ್ಕನ್ನು ನೋಡುವವರು ಯಾರು? ಸಂಬಳದ ಒಂದು ಪಾಲನ್ನು ಟ್ಯೂಷನ್ನಿಗೆ ಕೊಡುವುದೊಂದೇ ಗತಿಯೆಂದು ಬಹು ಮಂದಿ ತೀರ್ಮಾನಿಸಿದ್ದಾರೆ. ಅನೇಕ ಕಡೆ ಆ ಟ್ಯೂಷನ್ನಿನಲ್ಲಿ ನಡೆಯುವುದಾದರೂ ಏನು? ಬೋರ್ಡಿನ ಮೇಲಿನ ಉತ್ತರವನ್ನು ಮಕ್ಕಳೆಲ್ಲರೂ ನಕಲು ಮಾಡಿಕೊಳ್ಳುವುದು. ಪುಸ್ತಕ ತುಂಬುತ್ತದೆ, ತಲೆ ಹಾಗೆಯೇ ಉಳಿಯುತ್ತದೆ.

ಅಕ್ಷರ ಬಾರದ ತಂದೆಯೂ ಮಗುವಿನ ಹೋಮ್‌ವರ್ಕಿಗೆ ಉಪಕಾರ ಮಾಡಬಲ್ಲನು, ಕೆಲವೊಮ್ಮೆ ಅಕ್ಷರ ಬಲ್ಲವನಿಗಿಂತ ಹೆಚ್ಚಾಗಿಯೇ, ಎಂಬುದನ್ನು ನಾವು ಆ ಮನೆಯಲ್ಲಿ ಕಂಡೆವು. ಯಜಮಾನರು ತುಸು ಹೊತ್ತು ಸುಮ್ಮನಿದ್ದು, “ನಂಗೆ ಈ ಅಕ್ಷರ ಬತ್ತಿಲ್ಲೆ ಮಗಾ. ಏನ್ ಬರ್ದಿದ್ದೆ, ನೀನೇ ಹೇಳ್ ಕಾಂಬ” ಎಂದರು. ಹುಡುಗಿ ಒಂದು ಪ್ರಶ್ನೆಯನ್ನು ಓದಿ, ಅದರ ಅರ್ಥವನ್ನು ಕನ್ನಡದಲ್ಲಿ ಹೇಳಿದಳು. ಉತ್ತರವನ್ನೂ ಹೇಳಿದಳು. ಮೂರನೆಯದಕ್ಕೆ ಬಂದಾಗ ತಡೆದಳು. ಗೆಳತಿಯ ಪುಸ್ತಕ ನೋಡಿ ಬರೆದ ಉತ್ತರವದು, ಬೇರೆ ಪ್ರಶ್ನೆಗೆ ಸೇರಿದ್ದು! ತಮಿಳಿನಲ್ಲಿ ಗಡಗಡನೆ ಓದುವಾಗ ತಿಳಿಯದಿದ್ದುದು ಮನೆಮಾತಿನಲ್ಲಿ ಹೇಳಹೊರಟಾಗ ಸಿಕ್ಕಿಬಿದ್ದಿತು. ಯಾರೂ ಗದರಲಿಲ್ಲ. ಅವಳೇ ರಬ್ಬರು ಹುಡುಕಿಕೊಂಡು ಹೋದಳು.

ಲೆಕ್ಕದ ಸಂಗತಿ ಬೇರೆ. ಅಲ್ಲಿ ನಮ್ಮವರಿಗೆ ಅತಿಯಾಗಿ ಬಲ್ಲುದೇ ತೊಂದರೆ. ನಾಲ್ಕು ಮೇಜಿನ ಬಿಲ್ಲನ್ನು ಬಾಯಲ್ಲೇ ಕೂಡಿಸಿ ಗಲ್ಲೆಗೆ ಕೂಗುವವರಿಗೆ 36ನ್ನು 7ರಿಂದ ಗುಣಿಸುವುದು ಎಷ್ಟರ ಮಾತು? ಮಗು ಪೆನ್ಸಿಲು ಕಚ್ಚುವಷ್ಟರಲ್ಲಿ 252 ಹೊರಬಿದ್ದಿರುತ್ತದೆ. ಹಾಗೆ ಹೇಳಿಬಿಡದೆ, “ಮೂವತ್ತೇಳಲೆ ಎಷ್ಟು? ಆರೇಳಲೆ ಎಷ್ಟು?” ಎಂದು ಕೇಳಿ ಕಾಯಬೇಕು. ಕಾಯುವುದು ಸುಲಭವಲ್ಲ. ಗಿರಾಕಿಯನ್ನು ನಿಲ್ಲಿಸಬಾರದೆಂದು ಕಲಿತವರಿಗಂತೂ ಇನ್ನೂ ಕಷ್ಟ.

ಇನ್ನೊಂದು ಕುತೂಹಲದ ಮಾತು. ತಮಿಳಿನ ಎರಡು ರಕಾರಗಳು, ಮೂರು ಬಗೆಯ ಲ-ಳಗಳು ಕನ್ನಡದ ಮಕ್ಕಳನ್ನು ಕಾಡುತ್ತವೆ. ಆರು, ಏಳು ಎಂಬ ಸಂಖ್ಯೆಗಳನ್ನು ಬರೆಯುವಲ್ಲಿಯೇ ತಪ್ಪುತ್ತಾರೆ. ಆದರೆ ಆ ಅಕ್ಷರಗಳು ನಮಗೆ ಹೊಸತೇನಲ್ಲ. ನಮ್ಮ ಹಳಗನ್ನಡದಲ್ಲಿಯೂ ಆಱು, ಏೞು ಎಂದೇ ಇದ್ದುವು. ನಾವು ಬಿಟ್ಟುದನ್ನು ತಮಿಳರು ಉಳಿಸಿಕೊಂಡಿದ್ದಾರೆ. ಇಷ್ಟನ್ನು ಹೇಳಿದರೆ ಮಗುವಿಗೆ ಆ ಅಕ್ಷರ ನಂಟರ ಮನೆಯದೆನಿಸೀತು.

ಹೊರೆಯ ಪ್ರಮಾಣವನ್ನೂ ಪೋಷಕರು ತಿಳಿದಿರಬೇಕು. ಮದರಾಸಿನಲ್ಲಿ ಹುಟ್ಟಿ ಮೈಸೂರಿನಲ್ಲಿ ಬಾಳಿದ ಆರ್. ಕೆ. ನಾರಾಯಣರು 1989ರಲ್ಲಿ ರಾಜ್ಯಸಭೆಯಲ್ಲಿ ಶಾಲಾಮಕ್ಕಳ ಹೊರೆಯ ವಿಚಾರವಾಗಿಯೇ ಮಾತನಾಡಿದರು. 2018ರ ಮೇ ತಿಂಗಳಲ್ಲಿ ಮದರಾಸು ಉಚ್ಚ ನ್ಯಾಯಾಲಯವು 1 ಮತ್ತು 2ನೆಯ ತರಗತಿಗಳಿಗೆ ಹೋಮ್‌ವರ್ಕ್ ಕೂಡದೆಂದಿತು. ಕೇಂದ್ರದ 2020ರ ಶಾಲಾಚೀಲ ನೀತಿಯೂ ಎರಡನೆಯ ತರಗತಿಯವರೆಗೆ ಬೇಡವೆಂದು ಹೇಳಿ, 3ರಿಂದ 5ರವರೆಗೆ ವಾರಕ್ಕೆ 2 ಗಂಟೆ, 6ರಿಂದ 8ರವರೆಗೆ ದಿನಕ್ಕೆ 1 ಗಂಟೆ ಮೀರಬಾರದೆಂದು ಸೂಚಿಸಿತು. ನೀತಿ ಬೇರೆ, ನಡೆಯುವುದು ಬೇರೆ ಎಂಬುದು ನಮಗೂ ಗೊತ್ತು. ಆದರೂ ನಾಲ್ಕನೆಯ ತರಗತಿಯ ಮಗು ದಿನವೂ ಎರಡು ಗಂಟೆ ಬರೆಯುತ್ತಿದ್ದರೆ, ಅದರ ಬದಲು ತಾಯಿ ಬರೆದುಕೊಡುವುದು ಉಪಾಯವಲ್ಲ. ಹೋಗಿ ಅಧ್ಯಾಪಕರನ್ನು ಕಾಣಬೇಕು. ತಮಿಳು ಓದಲು ಬಾರದೆಂದು ಅವರ ಮುಂದೆ ಹೇಳಿಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ.

ಒಂದೇ ಕೋಣೆಯ ಮನೆಯಲ್ಲಿ ಓದಲು ಸ್ಥಳವೆಲ್ಲಿ ಎಂದು ಕೆಲವರು ಕೇಳಿಯಾರು. ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಹೋಟೆಲು ಹುಡುಗರು ಹಗಲೆಲ್ಲ ಮೇಜು ಒರಸಿ, ರಾತ್ರಿ ಪಾಠ ಕೇಳಿ ಮೆಟ್ರಿಕ್ ಮುಗಿಸಿದರು. ಅವರ ಪಕ್ಕದಲ್ಲಿ ಕುಳಿತು ತಿದ್ದಿದವರು ಯಾರು? ಅಷ್ಟು ಕಷ್ಟ ನಮ್ಮ ಮಕ್ಕಳಿಗೆ ಬೇಡ. ಗೋಡೆಯ ಬಳಿ ಒಂದು ಚಾಪೆ, ಗೊತ್ತಾದ ಹೊತ್ತು, ಆ ಹೊತ್ತಿನಲ್ಲಿ ಟೀವಿಯೂ ಮೊಬೈಲೂ ಬಂದ್, ಇಷ್ಟು ಸಾಕು. ಯಾವ ಹೋಮ್‌ವರ್ಕ್ ಕೊಟ್ಟರೆಂದು ತಾಯಂದಿರು ವಾಟ್ಸಾಪಿನಲ್ಲಿ ವಿಚಾರಿಸುವುದನ್ನೂ ನಿಲ್ಲಿಸಬೇಕು. ಅದನ್ನು ಬರೆದುಕೊಂಡು ಬರುವ ಹೊಣೆ ಮಗುವಿನದು. ಒಂದು ದಿನ ಮರೆತು ಬೈಸಿಕೊಂಡರೆ ಆಕಾಶವೇನೂ ಕಳಚಿ ಬೀಳದು.

ರಾತ್ರಿ ಹತ್ತಕ್ಕೆ ಮನೆ ಸೇರುವ ತಂದೆಗೆ ಮಗು ಎಚ್ಚರವಾಗಿ ಸಿಗುವುದಿಲ್ಲವಷ್ಟೆ. ಅದಕ್ಕೆ ಆ ತಂದೆಮಗಳು ಅಂದು ಒಂದು ಕರಾರು ಮಾಡಿಕೊಂಡರು. ತಾನೇ ಮಾಡಿದ ಪ್ರಶ್ನೆಯ ಪಕ್ಕದಲ್ಲಿ ಹುಡುಗಿ ಒಂದು ಗೆರೆ ಎಳೆಯುವುದು, ತಿಳಿಯದುದರ ಪಕ್ಕದಲ್ಲಿ ಒಂದು ಸೊನ್ನೆ ಹಾಕುವುದು. ಸೊನ್ನೆಯದನ್ನು ಮರುದಿನ ಟೀಚರ ಬಳಿಯೇ ಕೇಳುವುದು. ಪುಸ್ತಕ ದೇವರ ಗೂಡಿನ ಕೆಳಗೆ ತೆರೆದಿರಬೇಕು. ಗೆರೆಯನ್ನೂ ಸೊನ್ನೆಯನ್ನೂ ಓದಲು ತಮಿಳು ಬೇಕಿಲ್ಲ.

ವಾರ ಕಳೆದು ಅವರ ಹೋಟೆಲಿಗೆ ಹೋದಾಗ ಕಾಫಿ ತಂದಿಟ್ಟು, ಮೆಲ್ಲನೆ, “ನಿನ್ನೆ ನಾಲ್ಕು ಗೆರೆ, ಎರಡೇ ಸೊನ್ನೆ” ಎಂದು ಹೇಳಿ ಮುಂದಿನ ಮೇಜಿಗೆ ಹೋದರು.