ಜಕ್ಕೂರಿನ ಜೊಂಡಿಗೆ ಒಂದು ಸಲಾಮು

ಬೆಂಗಳೂರಿನ ಜಕ್ಕೂರು ಕೆರೆಗೆ ಹೋದವರೆಲ್ಲ ಹೆಜ್ಜಾರ್ಲೆಗಳ ಫೋಟೊ ಹಿಡಿದು ಬರುತ್ತಾರೆ. ಮೊನ್ನೆ ನನಗೆ ಮರುಳು ಹಿಡಿಸಿದ್ದು ಮಾತ್ರ ಉತ್ತರದ ತುದಿಯ ಜೊಂಡು. ಅಲ್ಲಿ ಜಲಮಂಡಳಿಯ ಕೊಳಚೆ ನೀರು ಶುದ್ಧೀಕರಣ ಘಟಕವಿದೆ. ದಿನಕ್ಕೆ ಒಂದು ಕೋಟಿ ಲೀಟರ್ ಲೆಕ್ಕದಲ್ಲಿ ಕಟ್ಟಿದ್ದು. ಘಟಕದಿಂದ ಹೊರಬಿದ್ದ ನೀರು ನೇರವಾಗಿ ಕೆರೆ ಸೇರುವುದಿಲ್ಲ. ಆಳೆತ್ತರದ ಜೊಂಡಿನ ನಡುವೆ ತೆವಳಿಕೊಂಡು, ಸೋಮಾರಿಯಂತೆ ಬರುತ್ತದೆ. ಆ ಸೋಮಾರಿತನವೇ ಇಲ್ಲಿ ಕೆಲಸ.

ಘಟಕ ದಾಟಿದ ನೀರು ಕಣ್ಣಿಗೆ ತಿಳಿಯಾಗಿದ್ದರೂ ಅದರಲ್ಲಿ ಸಾರಜನಕ, ರಂಜಕ ಉಳಿದಿರುತ್ತವೆ. ಜೊಂಡಿನ ಒಳಗೆಲ್ಲ ಗಾಳಿಗೂಡು. ಎಲೆ ಎಳೆದುಕೊಂಡ ಗಾಳಿ ಕೆಸರಿನೊಳಗಿನ ಬೇರಿಗೂ ಇಳಿಯುತ್ತದೆ. ಬೇರಿನ ಸುತ್ತ ಕೂತ ಸೂಕ್ಷ್ಮಜೀವಿಗಳು ಆ ಆಮ್ಲಜನಕ ಬಳಸಿ ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ. ಅಲ್ಲಿಂದ ಸ್ವಲ್ಪ ಆಚೆ, ಗಾಳಿಯಿಲ್ಲದ ಕೆಸರಿನಲ್ಲಿ, ಬೇರೆ ಜೀವಿಗಳು ನೈಟ್ರೇಟನ್ನು ಒಡೆದು ಸಾರಜನಕವನ್ನು ಆಕಾಶಕ್ಕೆ ಬಿಡುತ್ತವೆ. ಕರೆಂಟು ಬೇಡ, ಮೋಟರು ಬೇಡ. ರಂಜಕ ಮಾತ್ರ ಹಾರಿಹೋಗುವುದಿಲ್ಲ. ಗಿಡದಲ್ಲೂ ಹೂಳಿನಲ್ಲೂ ಕೂರುತ್ತದೆ. ಆದ್ದರಿಂದ ಜೊಂಡನ್ನು ಕಾಲಕಾಲಕ್ಕೆ ಕೊಯ್ದು ಹೊರಗೆ ಸಾಗಿಸಬೇಕು. ಬಿಟ್ಟರೆ ಅದೇ ಕೊಳೆತು, ಹೀರಿದ್ದನ್ನು ಕೆರೆಗೇ ವಾಪಸ್ ಕೊಡುತ್ತದೆ. ಟೆಂಡರಿನಲ್ಲಿ ಬೇಲಿ, ಬೆಂಚು, ದೀಪಕ್ಕೆ ಸಿಗುವ ಮರ್ಯಾದೆ ಈ ಕಟಾವಿಗೆ ಸಿಗುವುದು ನನಗಂತೂ ಅನುಮಾನ.

ಏರಿಯ ಪಕ್ಕದಲ್ಲಿ ಮೀನುಗಾರರೊಬ್ಬರು ತೆಪ್ಪ ಒಣಗಿಸುತ್ತಿದ್ದರು. ‘ಜಿಲೇಬಿ ಮೀನು ಎಂಥಾ ನೀರಲ್ಲೂ ಬದುಕ್ತದೆ ಸಾರ್, ಕಾಟ್ಲಾ ಸತ್ರೆ ಮಾತ್ರ ಮೇಲಿಂದ ಏನೋ ಬಿಟ್ಟವ್ರೆ ಅಂತ ಲೆಕ್ಕ’ ಎಂದರು. ಪ್ರಯೋಗಾಲಯದ ವರದಿಗಿಂತ ಬೇಗ ಬರುವ ವರದಿ ಇದು.

ಕೊಳಚೆಯನ್ನು ಹೀಗೆ ಸೋಸದೆ ಬಿಟ್ಟರೆ ಏನಾಗುತ್ತದೆ? ಬೆಳ್ಳಂದೂರು ಕೆರೆಯ ನೊರೆ, ಬೆಂಕಿಯ ಕಥೆ ನಿಮಗೆ ಗೊತ್ತೇ ಇದೆ. ನನ್ನನ್ನು ಹೆಚ್ಚು ಕಾಡುವುದು ತಿಪ್ಪಗೊಂಡನಹಳ್ಳಿ. ಅರ್ಕಾವತಿಗೆ ಅಡ್ಡಲಾಗಿ 1933ರಲ್ಲಿ ಕಟ್ಟಿದ ಆ ಜಲಾಶಯ ದಶಕಗಳ ಕಾಲ ಬೆಂಗಳೂರಿಗೆ ನೀರುಣಿಸಿತು. ಒಳಹರಿವು ಸೊರಗಿ, ನೀರು ಕೆಟ್ಟು, 2012ರಲ್ಲಿ ಪೂರೈಕೆ ನಿಂತಿತು. ಕುಡಿಯುವ ನೀರಿನ ಮೂಲವನ್ನು ಮೋರಿಯ ನೀರಿಗೆ ಒಪ್ಪಿಸಿ, ನಾವು ಕಾವೇರಿಯ ಕಡೆ ತಿರುಗಿ ಕೂತೆವು. ಕಾವೇರಿ ಯೋಜನೆಯ ಐದನೇ ಹಂತವೂ 2024ರ ಅಕ್ಟೋಬರಿನಲ್ಲಿ ಬಂತು, ಸುಮಾರು ನೂರು ಕಿಲೋಮೀಟರ್ ದೂರದಿಂದ.

ಹಾಗಾದರೆ ಜಕ್ಕೂರಿನ ನೀರನ್ನು ನಾಳೆ ಕುಡಿಯಬಹುದೇ? ಕೆರೆಯಿಂದ ನೇರವಾಗಿ ಖಂಡಿತ ಬೇಡ. ನೆಲದೊಳಗೆ ಇಳಿದು, ಮಣ್ಣಿನಲ್ಲಿ ಸೋಸಿ, ಬಾವಿಗೆ ಬಂದದ್ದನ್ನು ಪರೀಕ್ಷಿಸಿ, ಮತ್ತೆ ಶುದ್ಧೀಕರಿಸಿದರೆ ಮಾತು ಬೇರೆ. ಕನಸಲ್ಲ ಇದು. ದೇವನಹಳ್ಳಿಯ ಸಿಹಿನೀರು ಕೆರೆಗೆ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿತ ನೀರು ತುಂಬಿಸಿ, ಪಕ್ಕದ ಹಳೆಯ ಬಾವಿಗೆ ಜೀವ ಕೊಟ್ಟು, ಕಡಿಮೆ ಆಳದ ಕೊಳವೆಬಾವಿ ತೋಡಿ, ಆ ನೀರನ್ನು ಶುದ್ಧೀಕರಿಸಿ ಊರಿಗೆ ಕೊಡುವ ವ್ಯವಸ್ಥೆಯಾಗಿದೆ. ಆದರೆ ಭಾರಲೋಹವನ್ನು ಜೊಂಡಿನ ತಲೆಗೆ ಕಟ್ಟುವಂತಿಲ್ಲ. ಕಾರ್ಖಾನೆಯ ಹೊಲಸು ರಾಜಕಾಲುವೆಗೆ ಬೀಳುವ ಮೊದಲೇ ನಿಲ್ಲಬೇಕು.

ಕೆರೆಯ ಪಕ್ಕದಲ್ಲಿ ಮನೆ ಮಾಡಿರುವವರು ಮುಂದಿನ ವಾರ್ಡ್ ಸಭೆಯಲ್ಲಿ ಹೊಸ ವಾಕಿಂಗ್ ಟ್ರ್ಯಾಕ್ ಕೇಳುವುದನ್ನು ಬಿಡಿ. ಜೊಂಡಿನ ಕಟಾವು ಯಾವ ತಿಂಗಳು, ಬಾವಿ ನೀರಿನ ಪರೀಕ್ಷೆಯ ವರದಿ ಎಲ್ಲಿ, ಇವೆರಡನ್ನು ಕೇಳಿ. ಉತ್ತರ ಲಿಖಿತವಾಗಿಯೇ ಕೊಡಲಿ.