ನಿಸ್ತಂತು ಸೇತುವೆ

ನದಿಯ ಎರಡು ದಡಗಳನ್ನು ಕೂಡಿಸಲು ಕಲ್ಲು, ಉಕ್ಕುಗಳು ಬೇಕು. ದೂರದೂರದ ಎರಡು ಕಟ್ಟಡಗಳ ಗಣಕಯಂತ್ರಗಳನ್ನು ಕೂಡಿಸುವ ಸೇತುವೆಯೊಂದುಂಟು. ಅದು ಕಣ್ಣಿಗೆ ಕಾಣದು.

'ಆಕ್ಸೆಸ್ ಪಾಯಿಂಟ್' ಎಂಬ ಪುಟ್ಟ ಪೆಟ್ಟಿಗೆಯನ್ನು ವಾಚಕರು ಕಾಲೇಜಿನ ಗೋಡೆಯ ಮೇಲೆ ನೋಡಿರಬಹುದು. ತಂತಿಯ ಜಾಲವನ್ನು ರೇಡಿಯೋ ಅಲೆಗಳ ಮೂಲಕ ಫೋನುಗಳಿಗೆ ತಲಪಿಸುವುದು ಅದರ ನಿತ್ಯದ ಕೆಲಸ. ಸೇತುವೆಯಾಗಬಲ್ಲ ಎರಡು ಪೆಟ್ಟಿಗೆಗಳನ್ನು ಒಂದೇ ಚಾನೆಲಿನಲ್ಲಿ, ಪರಸ್ಪರ ಮಾತನಾಡುವಂತೆ ಅಣಿಗೊಳಿಸಿದರೆ, ಅವುಗಳ ಹಿಂದಿರುವ ಎರಡು ಜಾಲಗಳು ಒಂದೇ ಜಾಲವಾಗುವುವು.

ಇದು ನಡೆಯುವ ಬಗೆ ಸ್ವಾರಸ್ಯವಾದುದು. ಜಾಲದ ಪ್ರತಿಯೊಂದು ಯಂತ್ರಕ್ಕೂ 48 ಬಿಟ್‌ಗಳ ವಿಳಾಸವಿರುತ್ತದೆ. ಯಾವ ವಿಳಾಸ ಯಾವ ದಡದ್ದೆಂಬುದನ್ನು ಸೇತುವೆಯು ಬಂದ ಸಂದೇಶಗಳನ್ನು ನೋಡಿಯೇ ಕಲಿತುಕೊಳ್ಳುತ್ತದೆ. ಆಚೆಗೆ ಸಲ್ಲಬೇಕಾದುದನ್ನು ದಾಟಿಸಿ, ಈಚೆಯದನ್ನು ಇಲ್ಲಿಯೇ ಬಿಡುತ್ತದೆ. ಸಾಮಾನ್ಯ ವೈಫೈ ಸಂದೇಶಕ್ಕೆ ಮೂರು ವಿಳಾಸಗಳು ಸಾಕು. ಸೇತುವೆಯನ್ನು ದಾಟುವ ಸಂದೇಶವು ನಾಲ್ಕನ್ನು ಹೊರಬೇಕು: ಕಳುಹಿಸಿದ ಯಂತ್ರ, ಸೇರಬೇಕಾದ ಯಂತ್ರ, ನಡುವಿನ ಎರಡು ಪೆಟ್ಟಿಗೆಗಳು.

ಪೆಟ್ಟಿಗೆಗಳ ಅಂತರ ಕಿಲೋಮೀಟರುಗಳಿಗೆ ಬೆಳೆದಾಗ ಎರಡು ತೊಡಕುಗಳು ತಲೆದೋರುತ್ತವೆ. ಮೊದಲನೆಯದು ದಾರಿಯದು. ಅಲೆಗಳನ್ನು ಒಂದೇ ದಿಕ್ಕಿಗೆ ಕೂಡಿಸುವ ಆಂಟೆನಾಗಳು ಒಂದಕ್ಕೊಂದು ನೇರವಾಗಿ ಕಾಣಬೇಕು. ಅಷ್ಟೇ ಸಾಲದು. 2.4 ಗಿಗಾಹರ್ಟ್ಸ್ ಅಲೆಯು 10 ಕಿ.ಮೀ. ಸಾಗುವಾಗ, ನಡುದಾರಿಯಲ್ಲಿ ಅದು ಹರಡುವ ಮುಖ್ಯ ವಲಯದ ತ್ರಿಜ್ಯ ಸುಮಾರು 18 ಮೀಟರು. ಆ ವಲಯದೊಳಕ್ಕೆ ಮರಗಳು ಬಹಳವಾಗಿ ಚಾಚಿಕೊಂಡರೆ ಅಲೆ ಕ್ಷೀಣಿಸುತ್ತದೆ. ಆದುದರಿಂದಲೇ ಎತ್ತರದ ಕಂಬಗಳು ಬೇಕಾಗುತ್ತವೆ.

ಎರಡನೆಯದು ಕಾಲದ ತೊಡಕು. ಸಂದೇಶ ಕಳುಹಿಸಿದ ಪೆಟ್ಟಿಗೆ 'ತಲಪಿತು' ಎಂಬ ಉತ್ತರಕ್ಕಾಗಿ ಕಾಯುತ್ತದೆ. ಅಲೆಯು 10 ಕಿ.ಮೀ. ಹೋಗಿಬರಲು ಸುಮಾರು 67 ಮೈಕ್ರೋಸೆಕೆಂಡು ಹಿಡಿಯುತ್ತದೆ. ಮನೆಯ ಬಳಕೆಗೆಂದು ಹೊಂದಿಸಿದ ಯಂತ್ರಕ್ಕೆ ಅಷ್ಟು ತಾಳ್ಮೆಯಿರದು. ಉತ್ತರ ದಾರಿಯಲ್ಲಿರುವಾಗಲೇ ಸಂದೇಶ ಕಳೆದುಹೋಯಿತೆಂದು ಬಗೆದು ಅದನ್ನೇ ಮತ್ತೆ ಕಳುಹಿಸುತ್ತದೆ. ಹೀಗೆ ಕಾಲವೆಲ್ಲ ಪುನರುಕ್ತಿಯಲ್ಲಿಯೇ ವ್ಯಯವಾಗುತ್ತದೆ. ಕಾಯುವ ಅವಧಿಯನ್ನು ದೂರಕ್ಕೆ ತಕ್ಕಂತೆ ಹೆಚ್ಚಿಸುವುದು ಇದಕ್ಕೆ ಸರಳವಾದ ಪರಿಹಾರ.

ಇನ್ನೊಂದು ಪರಿಹಾರವನ್ನು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದರು. ಎರಡು ತುದಿಗಳೂ ಗೊತ್ತುಪಡಿಸಿದ ಸರದಿಯಂತೆ ಮಾತನಾಡಬೇಕು. ಹಲವು ಸಂದೇಶಗಳಿಗೆ ಒಟ್ಟಾಗಿ ಉತ್ತರ ಕೊಡಬೇಕು. ತಮಿಳುನಾಡಿನ ತೇನಿಯ ಅರವಿಂದ ಕಣ್ಣಾಸ್ಪತ್ರೆಯನ್ನು ಸುತ್ತಲಿನ ಊರುಗಳ ದೃಷ್ಟಿಕೇಂದ್ರಗಳಿಗೆ ಕೂಡಿಸಲು ಇವರು ದೂರದ ವೈಫೈಯನ್ನು ಬಳಸಿದರು. 2006ರ ವೇಳೆಗೆ ಹಳ್ಳಿಯ ರೋಗಿಯು ತನ್ನೂರಿನ ಸಮೀಪದಲ್ಲಿಯೇ ಕುಳಿತು ತೇನಿಯ ವೈದ್ಯರೊಡನೆ ಮುಖಾಮುಖಿ ಮಾತನಾಡುವುದು ಸಾಧ್ಯವಾಗಿತ್ತು. ಶಸ್ತ್ರಚಿಕಿತ್ಸೆ ಬೇಕಾದವನು ಮಾತ್ರ ಪಟ್ಟಣಕ್ಕೆ ಹೊರಟರಾಯಿತು.

ಒಂದು ದಿನದ ಕೂಲಿಯನ್ನೂ ಬಸ್ಸಿನ ಖರ್ಚನ್ನೂ ಲೆಕ್ಕಹಾಕಿ ಕಣ್ಣಿನ ಪರೀಕ್ಷೆಯನ್ನು ಮುಂದೂಡುವ ಬಡವನಿಗೆ ಈ ಸೇತುವೆ ಎಷ್ಟು ದೊಡ್ಡದೆಂಬುದನ್ನು ಬೇರೆ ಹೇಳಬೇಕಾದುದಿಲ್ಲ. ಅದು ನಿಂತಿರುವುದು ಕೆಲವು ಮೈಕ್ರೋಸೆಕೆಂಡುಗಳ ಸರಿಯಾದ ಲೆಕ್ಕದ ಮೇಲೆ.