ತೋಟದ ಪ್ರಶ್ನೆಗೆ ಬ್ರಹ್ಮಾವರದಲ್ಲಿ ಉತ್ತರ

ಪೆರ್ಡೂರಿನ ಅನಂತಪದ್ಮನಾಭ ಕದಳೀಪ್ರಿಯ. ಹರಕೆ ಹೊತ್ತವರು ಇಲ್ಲಿ ಬಾಳೆಹಣ್ಣು ಸಮರ್ಪಿಸುತ್ತಾರೆ. ದೇವರಿಗೂ ಬೆಳೆಗೂ ಇಷ್ಟು ನಂಟಿರುವ ಊರಿನಲ್ಲಿ ಅಂಗಳ ದಾಟಿದರೆ ಗದ್ದೆ, ಗದ್ದೆಯಾಚೆ ಅಡಿಕೆ ತೋಟ, ಗುಡ್ಡೆಯ ಮೇಲೆ ಗೇರು. ಇವುಗಳಲ್ಲಿ ಯಾವುದಕ್ಕೆ ರೋಗ ಬಂದರೂ ನಾವು ಮೊದಲು ಕೇಳುವುದು ಪಕ್ಕದ ಮನೆಯವರನ್ನು, ಇಲ್ಲವೇ ಗೊಬ್ಬರದಂಗಡಿಯವರನ್ನು. ಇದಕ್ಕೆಂದೇ ಇರುವ ವಿಜ್ಞಾನಿಗಳು ನಮ್ಮದೇ ಜಿಲ್ಲೆಯ ಬ್ರಹ್ಮಾವರದಲ್ಲಿದ್ದಾರೆ ಎಂಬುದು ಎಷ್ಟೋ ಸಲ ನೆನಪಿಗೇ ಬರುವುದಿಲ್ಲ.

ಕೃಷಿ ವಿಶ್ವವಿದ್ಯಾಲಯಕ್ಕೆ ಮೂರು ಕೆಲಸ: ಪಾಠ ಹೇಳುವುದು, ಸಂಶೋಧನೆ ಮಾಡುವುದು, ಕಂಡುಕೊಂಡದ್ದನ್ನು ರೈತರಿಗೆ ಮುಟ್ಟಿಸುವುದು. ಮೂರನೆಯದಕ್ಕೆ ವಿಸ್ತರಣೆ ಎಂದು ಹೆಸರು. ಅದಕ್ಕಾಗಿ ದೇಶದ ಮೊದಲ ಕೃಷಿ ವಿಜ್ಞಾನ ಕೇಂದ್ರ 1974ರಲ್ಲಿ ಪುದುಚೇರಿಯಲ್ಲಿ ಆರಂಭವಾಯಿತು. ಉಡುಪಿ ಜಿಲ್ಲೆಯ ಕೇಂದ್ರ ಬ್ರಹ್ಮಾವರದಲ್ಲಿದೆ. ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರವೂ ಅಲ್ಲೇ. ಎರಡೂ ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿವೆ. ನೆರೆ ನೀರು ನಿಲ್ಲುವ ಗದ್ದೆಗಳಿಗೆಂದು ‘ಸಹ್ಯಾದ್ರಿ ಪಂಚಮುಖಿ’ ಎಂಬ ಕೆಂಪಕ್ಕಿಯ ಭತ್ತ ಬಂದದ್ದು ಬ್ರಹ್ಮಾವರದಿಂದಲೇ.

ಕೊಳೆರೋಗದ ಕಥೆ

ಇಂಥ ಸಹಾಯ ನಮ್ಮಲ್ಲಿ ಹೊಸತಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್‌ಮನ್, ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿದರು. ಮಳೆಹನಿ, ಗಾಳಿಯ ಜೊತೆ ಗೊನೆಯಿಂದ ಗೊನೆಗೆ ಹರಡುವ ಶಿಲೀಂಧ್ರ ಅದಕ್ಕೆ ಕಾರಣ. ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಾಗದಂತೆ ಮಾಡುವುದು ರೈತರಿಗೆ ಗೊತ್ತಿದ್ದ ಉಪಾಯ. ಅದರ ಜೊತೆಗೆ ಬಂದದ್ದು, ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ ಹುಟ್ಟಿದ ಬೋರ್ಡೋ ದ್ರಾವಣ.

ಇಂದಿಗೂ ಅದೇ ನಮ್ಮ ಮದ್ದು. ಶೇ. 1ರ ದ್ರಾವಣಕ್ಕೆ ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ 50 ಲೀಟರ್ ನೀರಿಗೆ ಕರಗಿಸಿ, ಮೂರನೆಯದಕ್ಕೆ ಒಟ್ಟಿಗೇ ಸುರಿಯುತ್ತ ಕಲಕಬೇಕು. ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ಕತ್ತಿಯನ್ನು ಅದ್ದಿ ನೋಡಿ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಬೇಕು. ಮಾಡಿದ ದಿನವೇ ಬಳಸಬೇಕು. ಮೊದಲ ಸಿಂಪರಣೆ ಮಳೆಗಾಲ ಹಿಡಿಯುವ ಮುಂಚೆ, ಎರಡನೆಯದು 40-45 ದಿನಗಳ ಬಳಿಕ. ಆ ಹೊತ್ತು ತಪ್ಪಿದರೆ ಮರದ ಬುಡದಲ್ಲಿ ಉದುರುವುದು ಮನೆಯ ಇಡೀ ವರ್ಷದ ದುಡ್ಡು. ಉದುರಿದ ಕಾಯಿಗಳನ್ನು ಹೆಕ್ಕಿ ತೋಟದಿಂದ ಹೊರಗೆ ಸಾಗಿಸಲೇಬೇಕು. ಮದ್ದಿನ ಕೆಲಸ ದೊಡ್ಡವರದು, ಮಕ್ಕಳು ಹತ್ತಿರ ಹೋಗಬಾರದು.

ಮಕ್ಕಳೂ ಮಾಡಬಹುದಾದ ಕೆಲಸ

ಮಣ್ಣಿನ ಮಾದರಿ ತೆಗೆಯಲು ಮಾತ್ರ ಮಕ್ಕಳು ಖಂಡಿತ ಬೇಕು. ನಮ್ಮ ಮುರಕಲ್ಲಿನ ನೆಲದ ಸುಣ್ಣದಂಶ, ಪೊಟ್ಯಾಷ್‌ಗಳನ್ನು ಕರಾವಳಿಯ ಮಳೆ ತೊಳೆದುಕೊಂಡು ಹೋಗುತ್ತದೆ, ಮಣ್ಣು ಹುಳಿಯಾಗುತ್ತದೆ. ಎಷ್ಟು ಹುಳಿ, ಯಾವುದರ ಕೊರತೆ ಎಂದು ನೋಡಿದರೆ ತಿಳಿಯದು. ಅದಕ್ಕೇ ಪರೀಕ್ಷೆ.

ಗದ್ದೆಯಲ್ಲಿ ಅಂಕುಡೊಂಕಾಗಿ ನಡೆಯುತ್ತ 10-15 ಕಡೆ ಗುರುತು ಹಾಕಿ. ಅಂಚು, ಗೊಬ್ಬರದ ರಾಶಿ, ಮರದ ನೆರಳು ಬೇಡ. ಮೇಲಿನ ಕಸ ಸರಿಸಿ, ಇಂಗ್ಲಿಷಿನ ‘ವಿ’ ಅಕ್ಷರದಂತೆ ಆರು ಇಂಚು ಆಳದ ಗುಂಡಿ ತೋಡಿ, ಅದರ ಬದಿಯಿಂದ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪಕ್ಕೆ ಮಣ್ಣು ಕೆರೆಯಿರಿ. ಎಲ್ಲವನ್ನೂ ಬೆರೆಸಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ತೆಗೆದುಬಿಡಿ. ಅರ್ಧ ಕಿಲೋ ಉಳಿಯುವ ತನಕ ಹೀಗೇ ಮಾಡಿ ನೆರಳಿನಲ್ಲಿ ಒಣಗಿಸಿ. ಗದ್ದೆಗೊಂದು, ತೋಟಕ್ಕೊಂದು ಬೇರೆ ಚೀಲ. ಅಡಿಕೆಯ ಬೇರು ಆಳಕ್ಕಿಳಿಯುವುದರಿಂದ ಅಲ್ಲಿ ಇನ್ನೂ ಆಳದಿಂದ ತೆಗೆಯಬೇಕು.

ಅಡುಗೆಮನೆಗೂ ಈ ಕೇಂದ್ರಗಳ ಸಂಬಂಧವಿದೆ. ಕೈತೋಟ, ಪೌಷ್ಟಿಕ ಆಹಾರದ ತರಬೇತಿಯೂ ಅವುಗಳ ಕೆಲಸವೇ. ಬಚ್ಚಲ ನೀರು ಹೋಗುವಲ್ಲಿ ಬಸಳೆ, ತೋಟದಂಚಿನಲ್ಲಿ ತಿಮರೆ, ಹಿತ್ತಿಲಲ್ಲಿ ನುಗ್ಗೆ, ಅಂಗಳದ ಬದಿ ಹರಿವೆ ಇದ್ದರೆ ಸೊಪ್ಪಿಗೆ ಪೇಟೆಗೆ ಹೋಗಬೇಕಿಲ್ಲ. ಹರಿವೆಯ ಪಲ್ಯಕ್ಕೆ ಲಿಂಬೆ ಹಿಂಡಿದರೆ ಅದರ ಕಬ್ಬಿಣದಂಶ ದೇಹಕ್ಕೆ ಚೆನ್ನಾಗಿ ಸೇರುತ್ತದೆ.

ಆದರೆ ಕೇಳಿದರಷ್ಟೇ ಉತ್ತರ. ‘ಅಡಿಕೆ ಹಾಳಾಗುತ್ತಿದೆ’ ಎಂದರೆ ಯಾರೂ ಕಾರಣ ಹೇಳಲಾರರು. ರೋಗ ಹಿಡಿದ ಕಾಯಿ, ಎಲೆ, ಮಣ್ಣು ಕೊಂಡೊಯ್ಯಿರಿ. ಯಾವಾಗ ಏನು ಹಾಕಿದಿರಿ ಎಂದು ಬರೆದಿಟ್ಟುಕೊಳ್ಳಿ. ಹೋಗಲಾಗದಿದ್ದರೆ ಕಿಸಾನ್ ಕಾಲ್ ಸೆಂಟರ್ ಇದೆ: 1800-180-1551. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಯನ್ನು ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡುವ ಕೆಲಸ ಇವತ್ತೇ ಮಕ್ಕಳಿಗೆ ವಹಿಸಿ.